ಸ್ಮರಣ ಪದಕ ಮಾಡಿಸುವುದು ಹೇಗೆ: ಗುರುತಿನಿಂದ ರಿಬ್ಬನ್‌ವರೆಗೆ ಹಂತ ಹಂತವಾಗಿ

ಶಾಲೆಯ ಸುವರ್ಣ ಮಹೋತ್ಸವ, ಸಂಘದ ಬೆಳ್ಳಿಹಬ್ಬ, ಹಾಲಿನ ಡೈರಿಯ ಐವತ್ತನೇ ವರ್ಷ. ಪದಕ ಮಾಡಿಸೋಣ ಅಂತ ಸಭೆಯಲ್ಲಿ ತೀರ್ಮಾನವಾಗುತ್ತದೆ. ಮರುದಿನ ಒಬ್ಬರು ಟ್ರೋಫಿ ಅಂಗಡಿಗೆ ಹೋಗಿ ಕ್ಯಾಟಲಾಗ್ ತೆಗೆಸುತ್ತಾರೆ. ಕೆಡುವುದು ಅಲ್ಲೇ. ಕ್ಯಾಟಲಾಗ್‌ನಲ್ಲಿ ಕಂಡ ಆಕಾರಕ್ಕೆ ಹೆಸರನ್ನು ತುರುಕುತ್ತಾರೆ, ಹೆಸರು ಹಿಡಿಸದೆ ಅಕ್ಷರ ಸಣ್ಣದು ಮಾಡುತ್ತಾರೆ, ಖಾಲಿ ಉಳಿದ ಜಾಗಕ್ಕೆ ದೀಪ, ಪುಸ್ತಕ, ಪಾರಿವಾಳ ಎಲ್ಲ ಬಂದು ಕೂರುತ್ತವೆ. ಸಮಾರಂಭದ ಹಿಂದಿನ ದಿನ ಡಬ್ಬ ಬಿಚ್ಚಿದರೆ ಒತ್ತಕ್ಷರ ಮಾಯವಾಗಿರುತ್ತದೆ.

ಇದಕ್ಕೆ ಮದ್ದು ಕಷ್ಟದ್ದಲ್ಲ. ಕ್ರಮ ತಿರುಗಿಸಬೇಕು, ಅಷ್ಟೇ. ಮೊದಲು ಕಾರಣ, ಆಮೇಲೆ ಗುರುತು, ಆಮೇಲೆ ಗಾತ್ರ ಮತ್ತು ಲೋಹ, ಆಮೇಲೆ ಅಕ್ಷರ. ಅಂಗಡಿಯ ಮಾತು ಬರುವುದು ಇವೆಲ್ಲ ಮುಗಿದ ಮೇಲೆ.

## ಕೈಗೆ ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಕೈವಾರ, ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲು, ಪೆನ್ಸಿಲ್, ದಪ್ಪ ರಟ್ಟು, ಕತ್ತರಿ, ಮಕ್ಕಳು ಆಡುವ ಮೇಣದ ಮಣ್ಣು. ಹತ್ತಿರದಲ್ಲಿ ಒಂದು ಜೆರಾಕ್ಸ್ ಅಂಗಡಿ. ಕೊನೆಯ ಚಿತ್ರಕ್ಕೆ ಕೋರೆಲ್‌ಡ್ರಾ ಅಥವಾ ಇಂಕ್‌ಸ್ಕೇಪ್‌ನಂಥ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಗೊತ್ತಿರುವ ಒಬ್ಬರು. ಆಮೇಲೆ, ಈ ಕೆಲಸದಲ್ಲಿ ಭಾಗಿಯಾಗದ, ಕನ್ನಡ ಚೆನ್ನಾಗಿ ಓದುವ ಒಬ್ಬರು. ಈ ಕೊನೆಯವರನ್ನು ಮರೆಯಬೇಡಿ. ಅವರ ಕೆಲಸ ಮುಂದೆ ಬರುತ್ತದೆ.

## ಹಂತ 1: ಯಾರಿಗೆ, ಯಾಕೆ, ಎಷ್ಟು

ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ. ‘ನಮ್ಮ ಶಾಲೆಗೆ ಐವತ್ತು ತುಂಬಿದ ನೆನಪಿಗೆ, ಇಲ್ಲಿ ಪಾಠ ಮಾಡಿದ ಎಲ್ಲ ಮೇಷ್ಟ್ರುಗಳಿಗೆ’ ಅನ್ನುವ ಹಾಗೆ. ಈ ವಾಕ್ಯದಲ್ಲಿ ‘ಮತ್ತು’ ಎರಡು ಸಲ ಬಂದರೆ ನಿಮಗೆ ಬೇಕಿರುವುದು ಎರಡು ಪದಕ, ಒಂದಲ್ಲ.

ಇಸವಿಯ ಲೆಕ್ಕವನ್ನು ಇಲ್ಲೇ ಮುಗಿಸಿ. 1975ರಲ್ಲಿ ಶುರುವಾದ ಶಾಲೆಗೆ ಐವತ್ತನೇ ವರ್ಷ ನಡೆಯುವುದು 2024ರಿಂದ 2025ರವರೆಗೆ. ಐವತ್ತು ತುಂಬುವುದು 2025ರಲ್ಲಿ. ಆಮಂತ್ರಣದಲ್ಲಿ ಒಂದು ಇಸವಿ, ಪದಕದಲ್ಲಿ ಇನ್ನೊಂದು ಬಂದರೆ ಬ್ಯಾನರ್ ಬದಲಿಸಬಹುದು, ಲೋಹ ಬದಲಿಸಲು ಆಗುವುದಿಲ್ಲ.

ಇನ್ನೊಂದು ತಪ್ಪು ಬಹಳ ಕಡೆ ನಡೆಯುತ್ತದೆ. ಸ್ಪರ್ಧೆಯ ಪದಕದ ಹಾಗೆ ಚಿನ್ನ, ಬೆಳ್ಳಿ, ಕಂಚಿನ ಬಣ್ಣದಲ್ಲಿ ಮೂರು ಥರ ಮಾಡಿಸುತ್ತಾರೆ. ದಾನಿಗಳಿಗೆ ಚಿನ್ನದ್ದು, ಮೇಷ್ಟ್ರಿಗೆ ಬೆಳ್ಳಿಯದ್ದು, ಮೂವತ್ತು ವರ್ಷ ಗಂಟೆ ಹೊಡೆದ ಜವಾನರಿಗೆ ಕಂಚಿನದ್ದು. ಇದು ಗೌರವ ಅಲ್ಲ, ಅವಮಾನ. ಒಲಿಂಪಿಕ್ಸ್ ನೋಡಿದ ಎಲ್ಲರಿಗೂ ಆ ಮೂರು ಬಣ್ಣ ಅಂದರೆ ಒಂದು, ಎರಡು, ಮೂರು ಅಂತಲೇ ಅರ್ಥ. ಸ್ಮರಣ ಪದಕ ಎಲ್ಲರಿಗೂ ಒಂದೇ ಬಣ್ಣದಲ್ಲಿರಲಿ. ವಿಭಾಗ ಬೇಕೇ ಬೇಕು ಅಂದರೆ ರಿಬ್ಬನ್ ಬಣ್ಣ ಬದಲಿಸಿ.

## ಹಂತ 2: ಒಂದೇ ಒಂದು ಗುರುತು

ಹೆಚ್ಚು ಹೊತ್ತು ಕೂರಬೇಕಾದ ಹಂತ ಇದು. ಸಮಿತಿಯ ಹತ್ತು ಜನ ಹತ್ತು ಗುರುತು ಹೇಳುತ್ತಾರೆ. ಎಲ್ಲರ ಮನಸ್ಸು ಉಳಿಸಲು ಹೋಗಿ ಹತ್ತನ್ನೂ ಹಾಕಿದರೆ ಪದಕ ಸಂತೆಯ ಹಾಗೆ ಕಾಣುತ್ತದೆ.

ಒಳ್ಳೆಯ ಮಾದರಿ ನೋಡಬೇಕಾದರೆ ಪರಮ ವೀರ ಚಕ್ರವನ್ನು ನೋಡಿ. ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಅದು ಸುಮಾರು 35 ಮಿ.ಮೀ. ಅಗಲದ ಕಂಚಿನ ದುಂಡು. ನಡುವೆ ರಾಷ್ಟ್ರ ಲಾಂಛನ, ಸುತ್ತ ಇಂದ್ರನ ವಜ್ರಾಯುಧ ನಾಲ್ಕು ಸಲ. ದಧೀಚಿ ತನ್ನ ಬೆನ್ನೆಲುಬನ್ನೇ ಕೊಟ್ಟು ಆದ ಆಯುಧ ಅದು. ಪ್ರಾಣ ಕೊಡುವುದು ಮತ್ತು ಹೋರಾಡುವುದು ಎರಡೂ ಒಂದೇ ಗುರುತಿನಲ್ಲಿ ಬಂದುಬಿಟ್ಟಿತು. ಪದಕದ ಹೆಸರು ಮುಂಬದಿಯಲ್ಲಿ ಇಲ್ಲವೇ ಇಲ್ಲ, ಹಿಂಬದಿಗೆ ಹೋಗಿದೆ. ಅಷ್ಟು ಚಿಕ್ಕ ಜಾಗದಲ್ಲಿ ಗುರುತಿಗೆ ಉಸಿರಾಡಲು ಎಡೆ ಸಿಕ್ಕಿದ್ದು ಹಾಗಾಗಿ.

ಕೆಟ್ಟ ಮಾದರಿಯೂ ದೊಡ್ಡ ಕಡೆಯದ್ದೇ ಇದೆ. ಬೇಸಿಗೆ ಒಲಿಂಪಿಕ್ಸ್‌ನ ಪದಕಕ್ಕೆ 1928ರಿಂದ ಇಟಲಿಯ ಜುಸೆಪ್ಪೆ ಕಾಸಿಯೋಲಿ ಅವರ ವಿನ್ಯಾಸ ಬಳಕೆಯಲ್ಲಿತ್ತು. ವಿಜಯದೇವತೆಯ ಹಿಂದೆ ಕಾಣುತ್ತಿದ್ದದ್ದು ರೋಮ್‌ನ ಕೊಲೋಸಿಯಂ ಥರದ ಕಟ್ಟಡ. ಒಲಿಂಪಿಕ್ಸ್ ಹುಟ್ಟಿದ್ದು ಗ್ರೀಸ್‌ನಲ್ಲಿ, ಕಟ್ಟಡ ಮಾತ್ರ ರೋಮ್‌ನದ್ದು! ಕೊನೆಗೆ ಬದಲಾದದ್ದು 2004ರ ಅಥೆನ್ಸ್ ಕೂಟದಲ್ಲಿ. ಗ್ರೀಸ್‌ನ ಎಲೆನಾ ವೋಟ್ಸಿ ಅವರ ಹೊಸ ಚಿತ್ರದಲ್ಲಿ ಅಲ್ಲಿನ ಪನಾಥೆನಾಯಿಕ್ ಕ್ರೀಡಾಂಗಣವೇ ಬಂತು. ‘ಚೆನ್ನಾಗಿ ಕಾಣುತ್ತೆ’ ಅಂತ ಬೇರೆ ಕಡೆಯ ಗುರುತು ತಂದರೆ ಯಾವತ್ತಾದರೂ ಯಾರಾದರೂ ಕೇಳಿಯೇ ಕೇಳುತ್ತಾರೆ.

ನಮ್ಮ ಪದಕಗಳಲ್ಲಿ ಎರಡು ಬದಿ ಬಾಗಿದ ಎಲೆಮಾಲೆ ಇರುತ್ತದಲ್ಲ, ಅದು ಗ್ರೀಕರು ಮತ್ತು ರೋಮನ್ನರ ಲಾರೆಲ್. ತಪ್ಪೇನಿಲ್ಲ. ಆದರೆ ಮಂಡ್ಯದ ಶಾಲೆಗೆ ಭತ್ತದ ತೆನೆ, ಶಿರಸಿಯ ಸಂಘಕ್ಕೆ ಅಡಿಕೆಯ ಹಿಂಗಾರ, ಚಿಕ್ಕಮಗಳೂರಿನದ್ದಕ್ಕೆ ಕಾಫಿ ಗೊಂಚಲು ಬಾಗಿಸಿದರೆ ಅದೇ ಜಾಗದಲ್ಲಿ ನಿಮ್ಮ ಊರೇ ಕೂರುತ್ತದೆ. ಭಾರತ ರತ್ನ ಅರಳಿ ಎಲೆಯ ಆಕಾರದಲ್ಲಿರುವುದು, ಪದ್ಮ ಪ್ರಶಸ್ತಿಗಳಲ್ಲಿ ಕಮಲ ಇರುವುದು ಇದೇ ದಾರಿಯಲ್ಲಿ.

ಗುರುತು ಆರಿಸಲು ನಾನು ಹೇಳುವ ಉಪಾಯ ಹೀಗಿದೆ. ನಿಮ್ಮ ಸಂಸ್ಥೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ವಸ್ತು ಯಾವುದು ಅಂತ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಅಂಗಳದ ಹುಣಸೆಮರ, ರೈಲು ಹಳಿಯ ತುಂಡಿನ ಗಂಟೆ, ಹೆಂಚಿನ ಮಾಡಿನ ಮೊದಲ ಕೋಣೆ. ಮೂರು ಜನ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರೆ ಅದೇ ನಿಮ್ಮ ಗುರುತು. ತೆರೆದ ಪುಸ್ತಕ, ಉರಿಯುವ ದೀಪ ಸಾವಿರ ಶಾಲೆಗಳಲ್ಲಿ ಇವೆ.

ಕೆಲವು ಗುರುತುಗಳು ಕಾಗದದಲ್ಲಿ ಚೆಂದ, ಲೋಹದಲ್ಲಿ ಎಡವಟ್ಟು. ಕರ್ನಾಟಕದ ನಕ್ಷೆ ಅಂಥದ್ದು. ಎರಡು ಸೆಂಟಿಮೀಟರ್ ಎತ್ತರಕ್ಕೆ ಇಳಿಸಿದರೆ ಮೇಲಿನ ಬೀದರಿನ ಭಾಗ ಸಣ್ಣ ಕೊಂಬಿನ ಹಾಗಾಗುತ್ತದೆ, ಗಡಿಯ ಏರಿಳಿತವೆಲ್ಲ ಸವೆದು ಉಳಿಯುವುದು ಒಂದು ಮುದ್ದೆ. ನಕ್ಷೆ ಬೇಕೇ ಬೇಕಾದರೆ ಅದೊಂದನ್ನೇ ದೊಡ್ಡದಾಗಿ ಹಾಕಿ, ಗಡಿಯನ್ನು ಸರಳ ಮಾಡಿ. ಕಟ್ಟಡದ ಮುಂಭಾಗವೂ ಹಾಗೆಯೇ. ಹದಿನಾರು ಕಿಟಕಿ ಬೇಡ, ಬಾಗಿಲು ಮತ್ತು ಮಾಡಿನ ಗೆರೆ ಸಾಕು.

ಎಚ್ಚರಿಕೆಯ ಸೂಚನೆ: ಗುರುತನ್ನು ವಿವರಿಸಲು ನಿಮಗೆ ಎರಡು ವಾಕ್ಯಕ್ಕಿಂತ ಜಾಸ್ತಿ ಬೇಕಾದರೆ ಅದು ಇನ್ನೂ ಹಣ್ಣಾಗಿಲ್ಲ.

## ಹಂತ 3: ಮುಟ್ಟಬಾರದ ಗುರುತುಗಳು

ಅಶೋಕ ಸ್ತಂಭದ ಸಿಂಹಗಳನ್ನು ಹಾಕಬೇಡಿ. ಸರ್ಕಾರಕ್ಕೆ ಸಂಬಂಧಿಸಿದ್ದು ಅನ್ನುವ ಭಾವನೆ ಬರುವಂತೆ ರಾಷ್ಟ್ರ ಲಾಂಛನ ಬಳಸುವುದನ್ನು 2005ರ ಕಾಯ್ದೆ ನಿಷೇಧಿಸಿದೆ. ಎರಡು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸ್ವಲ್ಪ ಬದಲಿಸಿ ಹಾಕಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಹೋಲುವ ಚಿತ್ರವೂ ಅದರಲ್ಲಿ ಸೇರುತ್ತದೆ.

ಇದಕ್ಕಿಂತ ಹಳೆಯದು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ. ವ್ಯಾಪಾರ ಅಥವಾ ವೃತ್ತಿಯ ಉದ್ದೇಶಕ್ಕೆ ಬಳಸಬಾರದ ಹೆಸರು, ಚಿತ್ರಗಳ ಪಟ್ಟಿ ಅದರಲ್ಲಿದೆ. ರಾಜ್ಯ ಸರ್ಕಾರಗಳ ಲಾಂಛನ, ಮಹಾತ್ಮ ಗಾಂಧಿಯವರ ಚಿತ್ರ, ಸರ್ಕಾರ ಸ್ಥಾಪಿಸಿದ ಪದಕಗಳು ಎಲ್ಲವೂ ಅದರಲ್ಲಿವೆ. ಗಂಡಭೇರುಂಡ ಕರ್ನಾಟಕ ಸರ್ಕಾರದ ಲಾಂಛನದ ನಡುವೆಯೇ ಇದೆ. ಹಳೆಯ ದೇವಸ್ಥಾನದ ಕೆತ್ತನೆಯಲ್ಲಿರುವ ಗಂಡಭೇರುಂಡದ ಚಿತ್ರ ಬೇರೆ, ಸರ್ಕಾರಿ ಲಾಂಛನದ ಗೆರೆಯನ್ನೇ ನೆಟ್‌ನಿಂದ ಇಳಿಸಿ ಹಾಕುವುದು ಬೇರೆ. ಎರಡನೆಯದನ್ನು ಮಾಡಬೇಡಿ. ಅರಳಿ ಎಲೆ ಆಕಾರ, ನಡುವೆ ಸೂರ್ಯ ಅಂತ ಭಾರತ ರತ್ನದ ಪಡಿಯಚ್ಚು ಮಾಡುವುದೂ ಬೇಡ. ಕಾನೂನು ಒಂದು ಕಡೆ ಇರಲಿ, ತಗೊಂಡವರಿಗೂ ಮುಜುಗರ.

ದೇವರ ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಪದಕ ಮೇಜಿನ ಡ್ರಾಯರ್‌ಗೆ ಹೋಗುತ್ತದೆ, ಮಕ್ಕಳ ಆಟದ ಸಾಮಾನಿನಲ್ಲಿ ಸೇರುತ್ತದೆ, ನೆಲಕ್ಕೆ ಬೀಳುತ್ತದೆ. ಸರಸ್ವತಿಯ ಬದಲು ವೀಣೆ ಹಾಕಿದರೆ ಆ ಚಿಂತೆ ಇರುವುದಿಲ್ಲ.

## ಹಂತ 4: ಗಾತ್ರ, ಆಕಾರ, ಲೋಹ

ಕೊರಳಿಗೆ ಹಾಕುವ ಪದಕಕ್ಕೆ 50ರಿಂದ 60 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಹಿತವಾದ ಅಳತೆ. ಪೆಟ್ಟಿಗೆಯಲ್ಲಿಟ್ಟು ಕೊಡುವುದಾದರೆ 70 ಮಿ.ಮೀ.ವರೆಗೂ ಹೋಗಬಹುದು.

ತೂಕವನ್ನು ಅಂಗಡಿಯವರ ಬಾಯಿಂದ ಕೇಳುವ ಮೊದಲು ನೀವೇ ಲೆಕ್ಕ ಹಾಕಿ. 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ದುಂಡು ಬಿಲ್ಲೆಯ ಗಾತ್ರ ಸುಮಾರು 5.9 ಘನ ಸೆಂ.ಮೀ. ಹಿತ್ತಾಳೆಯದ್ದಾದರೆ ಹೆಚ್ಚುಕಮ್ಮಿ 50 ಗ್ರಾಂ, ಸತುವಿನ ಮಿಶ್ರಲೋಹವಾದರೆ 40 ಗ್ರಾಂ, ಅಲ್ಯುಮಿನಿಯಂ ಆದರೆ 16 ಗ್ರಾಂ. ಉಬ್ಬುತಗ್ಗಿನಿಂದ ಸ್ವಲ್ಪ ಆಚೀಚೆ ಆಗುತ್ತದೆ. ‘ಗಟ್ಟಿ ಹಿತ್ತಾಳೆ ಸಾರ್’ ಅಂತ ಕೊಟ್ಟ ಮಾದರಿ ತಕ್ಕಡಿಯಲ್ಲಿ 25 ಗ್ರಾಂ ತೂಗಿದರೆ ಒಂದೋ ಅದು ತೆಳ್ಳಗಿದೆ, ಇಲ್ಲವೇ ಹಿತ್ತಾಳೆಯಲ್ಲ.

‘ಚಿನ್ನದ ಪದಕ’ ಅಂತ ಪತ್ರದಲ್ಲಿ ಬರೆಯುವ ಮೊದಲೂ ಯೋಚಿಸಿ. ಒಲಿಂಪಿಕ್ಸ್‌ನ ಚಿನ್ನದ ಪದಕವೇ ಬೆಳ್ಳಿಯದ್ದು, ಮೇಲೆ ಕನಿಷ್ಠ 6 ಗ್ರಾಂ ಚಿನ್ನದ ಲೇಪ. ನಿಮ್ಮದು ಗಿಲೀಟಾಗಿದ್ದರೆ ‘ಚಿನ್ನದ ಲೇಪದ’ ಅಂತಲೇ ಬರೆಯಿರಿ.

ಆಕಾರದಲ್ಲಿ ದುಂಡು ಎಲ್ಲಕ್ಕಿಂತ ಸುಲಭ. ಎಲೆ, ನಕ್ಷತ್ರ, ನಕ್ಷೆಯ ಆಕಾರ ಮಾಡಿದರೆ ತೂಕ ಒಂದು ಕಡೆ ವಾಲಿ ಪದಕ ಓರೆಯಾಗಿ ತೂಗುತ್ತದೆ. ಪರೀಕ್ಷೆ ಸುಲಭ. ರಟ್ಟಿನಲ್ಲಿ ನಿಜವಾದ ಅಳತೆಗೆ ಕತ್ತರಿಸಿ, ಕೊಂಡಿ ಬರುವ ಜಾಗಕ್ಕೆ ಗುಂಡುಸೂಜಿ ಚುಚ್ಚಿ ತೂಗುಬಿಡಿ. ಓರೆಯಾದರೆ ಕೊಂಡಿಯ ಜಾಗವನ್ನು ಸರಿಸಿ. ಚೂಪು ತುದಿಗಳಿದ್ದರೆ ಗುಂಡಗೆ ಮಾಡಿ. ಇಲ್ಲದಿದ್ದರೆ ಸೀರೆಯ ಎಳೆ ಕಿತ್ತುಬರುತ್ತದೆ.

## ಹಂತ 5: ಮುಂಬದಿಗೆ ಏನು, ಹಿಂಬದಿಗೆ ಏನು

ಮುಂಬದಿ ನೋಡುವುದಕ್ಕೆ, ಹಿಂಬದಿ ಓದುವುದಕ್ಕೆ. ಮುಂದೆ ಗುರುತು, ಸಂಸ್ಥೆಯ ಚಿಕ್ಕ ಹೆಸರು, ಇಸವಿ. ಪೂರ್ತಿ ಹೆಸರು, ಊರು, ಯಾಕೆ ಕೊಟ್ಟದ್ದು, ತಗೊಂಡವರ ಹೆಸರಿಗೆ ಖಾಲಿ ಜಾಗ, ಇವೆಲ್ಲ ಹಿಂದೆ. ಹೊರನಾಡಿನ ಕನ್ನಡ ಕೂಟದವರು ಎರಡು ಲಿಪಿ ಹಾಕುವುದಾದರೆ ಮುಂದೆ ಕನ್ನಡ, ಹಿಂದೆ ಇನ್ನೊಂದು. ಒಂದೇ ಬದಿಯಲ್ಲಿ ಎರಡೂ ಬಂದರೆ ಎರಡೂ ಸೊರಗುತ್ತವೆ.

ದಾನಿಗಳ ಹೆಸರು, ಅಧ್ಯಕ್ಷರ ಹೆಸರು, ಪ್ರಾಯೋಜಕರ ಲೋಗೋ ಪದಕದ ಮೇಲೆ ಬೇಡ. ಪೆಟ್ಟಿಗೆಯ ಒಳಮುಚ್ಚಳದಲ್ಲಿ ಹಾಕಿ. ಇದನ್ನು ಸಭೆಯಲ್ಲಿ ಹೇಳುವುದು ಕಷ್ಟ ಅಂತ ಗೊತ್ತು. ಮೊದಲ ಸಭೆಯಲ್ಲೇ ಹೇಳಿಬಿಟ್ಟರೆ ಆಮೇಲಿನ ಜಗಳ ಕಮ್ಮಿ.

## ಹಂತ 6: ಕನ್ನಡ ಅಕ್ಷರ ಕೂರಿಸುವುದು

ಜಾಸ್ತಿ ಜನ ಸೋಲುವುದು ಇಲ್ಲಿಯೇ. ಇಂಗ್ಲಿಷ್ ಅಕ್ಷರಗಳು ಎರಡು ಗೆರೆಗಳ ನಡುವೆ ಸುಮ್ನೆ ನಿಲ್ಲುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ. ಇದನ್ನು ದುಂಡಗೆ ಬಗ್ಗಿಸಿದಾಗ ತೊಂದರೆ ಹೆಚ್ಚುತ್ತದೆ.

ಎಷ್ಟು ಅಕ್ಷರ ಹಿಡಿಸುತ್ತದೆ? 50 ಮಿ.ಮೀ. ಪದಕದಲ್ಲಿ ಅಂಚು ಬಿಟ್ಟರೆ ಅಕ್ಷರ ಕೂರುವ ವೃತ್ತದ ತ್ರಿಜ್ಯ ಸುಮಾರು 21 ಮಿ.ಮೀ. ಮೇಲಿನ ಅರ್ಧವೃತ್ತದ ಉದ್ದ 66 ಮಿ.ಮೀ. ಅಕ್ಷರದ ಮೈ 3.5 ಮಿ.ಮೀ. ಎತ್ತರವಿದ್ದರೆ ಒಂದೊಂದಕ್ಕೂ ಅಂತರ ಸೇರಿ 4.5 ಮಿ.ಮೀ. ಬೇಕು. ಅಂದರೆ ಹದಿನಾಲ್ಕು, ಹದಿನೈದು ಅಕ್ಷರ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ ಅನ್ನುವುದು ಹನ್ನೆರಡು ಅಕ್ಷರ, ಮೂರು ಖಾಲಿ ಜಾಗ. ಅಲ್ಲಿಗೇ ಭರ್ತಿ. ‘ರ್ಕಾ’ ಎರಡು ಅಕ್ಷರದಷ್ಟು ಅಗಲ ತಿನ್ನುತ್ತದೆ, ಊರಿನ ಹೆಸರಿಗೆ ಜಾಗವೇ ಇಲ್ಲ. ಇಂಥಲ್ಲಿ ಅಕ್ಷರ ಚಿಕ್ಕದು ಮಾಡುವ ಆಸೆಯಾಗುತ್ತದೆ. ಮಾಡಬೇಡಿ. ಹೆಸರನ್ನು ಮೊಟಕು ಮಾಡಿ ಅಥವಾ ಹಿಂಬದಿಗೆ ಕಳಿಸಿ. 3 ಮಿ.ಮೀ.ಗಿಂತ ಚಿಕ್ಕ ಕನ್ನಡ ಅಕ್ಷರವನ್ನು ಲೋಹದಲ್ಲಿ ಓದುವುದು ಕಷ್ಟ.

ಒತ್ತಿನ ಜಾಗ. ಮೇಲಿನ ಕಮಾನಿನಲ್ಲಿ ಅಕ್ಷರದ ಕಾಲು ಪದಕದ ನಡುವಿನ ಕಡೆಗಿರುತ್ತದೆ. ಒಳಗೆ ಹೋದಂತೆ ಜಾಗ ಕಿರಿದು. ಅಕ್ಕಪಕ್ಕದ ಒತ್ತುಗಳು ಒಂದಕ್ಕೊಂದು ತಾಗಿ ಗಂಟಾಗುತ್ತವೆ. ಕೆಳಗಿನ ಕಮಾನಿನಲ್ಲಿ ಕಾಲು ಹೊರಗಡೆ. ಒತ್ತು ಹೋಗಿ ಅಂಚಿಗೆ ಬಡಿಯುತ್ತದೆ. ಆದ್ದರಿಂದ ಕೆಳಗಿನ ಸಾಲಿಗೂ ಅಂಚಿಗೂ ನಡುವೆ ಒತ್ತಿನ ಎತ್ತರಕ್ಕಿಂತ ಅರ್ಧ ಮಿಲಿಮೀಟರ್ ಜಾಸ್ತಿ ಬಿಡಿ. ‘ಸ್ವಾತಂತ್ರ್ಯ’ದಂಥ ಎರಡು ಅಂತಸ್ತಿನ ಒತ್ತಿರುವ ಪದವನ್ನು ಕಮಾನಿಗೆ ಹಾಕಲೇಬೇಡಿ, ನಡುವೆ ನೇರ ಸಾಲಿನಲ್ಲಿ ಕೂರಿಸಿ. ಪದವನ್ನೇ ಬದಲಿಸಲು ಆದರೆ ಇನ್ನೂ ಒಳ್ಳೆಯದು. ದೊಡ್ಡದಾಗಿ ‘50’ ಅಂತ ಹಾಕಿ ಕೆಳಗೆ ‘1975–2025’ ಅಂದರೆ ‘ಸುವರ್ಣ ಮಹೋತ್ಸವ’ ಬರೆಯುವ ಅಗತ್ಯವೇ ಇಲ್ಲ, ಅಲ್ವಾ?

ಮಹಾಪ್ರಾಣದ ಸೀಳು. ದ–ಧ, ಬ–ಭ, ಡ–ಢ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಗೀಟು. ಲೇಪ ಹಾಕುವಾಗ ಮೊದಲು ಮುಚ್ಚಿಹೋಗುವುದು ಅದೇ. ‘ಭಾರತಿ’ ಹೋಗಿ ‘ಬಾರತಿ’ ಆಗುತ್ತದೆ, ‘ವಿದ್ಯಾರ್ಥಿ’ಯ ಥ ತುಂಬಿಕೊಳ್ಳುತ್ತದೆ. ಪ ಮತ್ತು ಷ ಕೂಡ ಒಂದೇ ಥರ ಕಾಣಲು ಶುರುವಾಗುತ್ತವೆ. ಹಾಗಾಗಿ ಎಲ್ಲ ಗೆರೆ ಒಂದೇ ದಪ್ಪವಿರುವ ಫಾಂಟ್ ಆರಿಸಿ. ಗೆರೆಯ ದಪ್ಪ, ಗೆರೆಗಳ ನಡುವಿನ ಸಂದು ಎರಡೂ 0.4 ಮಿ.ಮೀ.ಗಿಂತ ಕಮ್ಮಿ ಇರಬಾರದು. ಮದುವೆ ಕಾಗದದ ಬಳುಕುವ ಫಾಂಟ್ ಇಲ್ಲಿಗೆ ಆಗದು.

ಫಾಂಟ್ ಒಡೆಯುವುದು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಒಂದು ಅಕ್ಷರ ಎಂದರೆ ಎರಡು ಮೂರು ತುಂಡುಗಳ ಜೋಡಣೆ. ಅದನ್ನು ಕೋರೆಲ್‌ಡ್ರಾದಲ್ಲಿ ಕಮಾನಿಗೆ ಬಗ್ಗಿಸಿದರೆ ಒಂದೊಂದು ತುಂಡೂ ಬೇರೆ ಬೇರೆ ತಿರುಗಿ ಒತ್ತು ಪಕ್ಕದ ಅಕ್ಷರದ ಕೆಳಗೆ ಹೋಗುತ್ತದೆ. ಯೂನಿಕೋಡ್ ಫಾಂಟ್‌ನಲ್ಲಿ ಈ ಕಷ್ಟ ಕಮ್ಮಿ. ಆದರೆ ಹಳೆಯ ಸಾಫ್ಟ್‌ವೇರ್‌ಗೆ ಕನ್ನಡ ಜೋಡಣೆ ಗೊತ್ತಿಲ್ಲದಿದ್ದರೆ ‘ಕ್ಷ’ ಒಡೆದು ಕ್, ಷ ಅಂತ ನಿಲ್ಲುತ್ತದೆ. ಕ್ರಮ ಹೀಗಿರಲಿ: ಪಠ್ಯವನ್ನು ನೇರವಾಗಿ ಟೈಪ್ ಮಾಡಿ, ಅದನ್ನು ಗೆರೆಚಿತ್ರವಾಗಿ (ಫಾಂಟ್ ಬೇಕಿಲ್ಲದ ಬರೀ ಆಕಾರವಾಗಿ) ಬದಲಿಸಿ, ಒಂದೊಂದು ಅಕ್ಷರವನ್ನೂ ಒತ್ತಿನ ಸಮೇತ ಗುಂಪು ಮಾಡಿ, ಆಮೇಲೆ ಕೈಯಾರೆ ಕಮಾನಿನ ಮೇಲೆ ಕೂರಿಸಿ. ಅರ್ಧ ದಿನದ ಕೆಲಸ. ಅಡ್ಡದಾರಿ ಇಲ್ಲ.

ತಯಾರಿಸುವವರು ಮೀರತ್‌ನಲ್ಲೋ ಮೊರಾದಾಬಾದ್‌ನಲ್ಲೋ ಇದ್ದರೆ ಅವರಿಗೆ ಕನ್ನಡ ಬರುವುದಿಲ್ಲ. ವರ್ಡ್ ಫೈಲ್, ವಾಟ್ಸಾಪ್ ಸಂದೇಶದಲ್ಲಿ ಪಠ್ಯ ಕಳಿಸಬೇಡಿ. ಅವರು ಮತ್ತೆ ಟೈಪ್ ಮಾಡಲು ಹೋದರೆ ಕತೆ ಮುಗಿಯಿತು. ಗೆರೆಚಿತ್ರವಾಗಿಸಿದ ಪಿಡಿಎಫ್ ಮಾತ್ರ ಕಳಿಸಿ.

ಜೆರಾಕ್ಸ್ ಪರೀಕ್ಷೆ. ಚಿತ್ರವನ್ನು ನಿಜವಾದ ಅಳತೆಗೆ ಪ್ರಿಂಟ್ ತೆಗೆಯಿರಿ. ಅದರ ಜೆರಾಕ್ಸ್, ಆ ಜೆರಾಕ್ಸ್‌ನ ಜೆರಾಕ್ಸ್, ಹೀಗೆ ನಾಲ್ಕು ಸಲ. ಕೊನೆಯ ಪ್ರತಿಯಲ್ಲಿ ಮುಚ್ಚಿಹೋದ ಸಂದುಗಳು ಲೋಹದಲ್ಲೂ ಮುಚ್ಚಿಹೋಗುವ ಸಂಭವ ಜಾಸ್ತಿ. ಈಗ ಆ ಹೊರಗಿನ ಓದುಗರನ್ನು ಕರೆಯಿರಿ. ಕೈಯಳತೆ ದೂರದಲ್ಲಿ ಹಿಡಿದು ಗಟ್ಟಿಯಾಗಿ ಓದಲು ಹೇಳಿ. ನೀವು ಬಾಯಿ ಹಾಕಬೇಡಿ. ಎಲ್ಲಿ ತಡವರಿಸಿದರು ಅಂತ ಗುರುತು ಮಾಡಿಕೊಳ್ಳಿ.

## ಹಂತ 7: ಚಿತ್ರದಿಂದ ಉಬ್ಬಿಗೆ

ಕಾಗದದ ಮೇಲೆ ಕಪ್ಪು ಬಿಳುಪು ಇರುತ್ತದೆ. ಪದಕದಲ್ಲಿ ಇರುವುದು ಎತ್ತರ ಮತ್ತು ನೆರಳು. ಯಾವುದು ಎಷ್ಟು ಎತ್ತರ ಅಂತ ನೀವು ಹೇಳದಿದ್ದರೆ ಡೈ, ಅಂದರೆ ಪದಕ ಒತ್ತುವ ಅಚ್ಚು, ಮಾಡುವವರು ತಮಗೆ ತೋಚಿದ ಹಾಗೆ ಮಾಡುತ್ತಾರೆ. ಚಿತ್ರದ ಒಂದು ಪ್ರತಿ ತಗೊಂಡು ಮೂರು ಬಣ್ಣ ಹಚ್ಚಿ: ನೆಲ, ನಡುಮಟ್ಟ, ತುದಿಮಟ್ಟ. 3 ಮಿ.ಮೀ. ದಪ್ಪದ ಪದಕದಲ್ಲಿ ಒಂದು ಬದಿಯ ಉಬ್ಬು ಒಂದು ಮಿಲಿಮೀಟರ್ ಒಳಗೇ ಮುಗಿಯಬೇಕು. ಸುತ್ತಲ ಅಂಚು ಎಲ್ಲಕ್ಕಿಂತ ಕೂದಲೆಳೆಯಷ್ಟು ಎತ್ತರವಿರಲಿ. ಮೇಜಿನ ಮೇಲಿಟ್ಟಾಗ ಉಜ್ಜುವುದು ಅಂಚು, ಚಿತ್ರವಲ್ಲ.

ಸ್ಥಾಪಕರ ಮುಖ ಹಾಕುವುದಾದರೆ ಪಕ್ಕದಿಂದ ಕಾಣುವ ಮುಖ ಹಾಕಿ. ಪಾಸ್‌ಪೋರ್ಟ್ ಫೋಟೊದ ಎದುರುಮುಖದಲ್ಲಿ ಮೂಗು ಮುಂದಕ್ಕೆ ಬರಬೇಕು. ಒಂದು ಮಿಲಿಮೀಟರ್‌ನಲ್ಲಿ ಅದು ಚಪ್ಪಟೆಯಾಗಿ ಯಾರ ಮುಖವೋ ಆಗಿಬಿಡುತ್ತದೆ. ಪಕ್ಕದ ಮುಖದಲ್ಲಿ ಹಣೆ, ಮೂಗು, ಗಲ್ಲದ ಗೆರೆಯೇ ಗುರುತು ಹಿಡಿಸುತ್ತದೆ. ನೊಬೆಲ್ ಪದಕಕ್ಕೆ ಎರಿಕ್ ಲಿಂಡ್‌ಬರ್ಗ್ ಕಡೆದ ಆಲ್‌ಫ್ರೆಡ್ ನೊಬೆಲ್ ಮುಖವೂ ಹಾಗೆಯೇ ಪಕ್ಕಕ್ಕೆ ನೋಡುತ್ತದೆ. ಪಕ್ಕದ ಫೋಟೊ ಇಲ್ಲದಿದ್ದರೆ ಮುಖವನ್ನು ಬಿಟ್ಟು ಅವರ ಪೇಟ, ಕನ್ನಡಕ, ಕೊಡೆಯಂಥದ್ದನ್ನು ಹಾಕಬಹುದು.

ಮೇಣದ ಮಣ್ಣು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಂಗೈ ಅಗಲದ ಬಿಲ್ಲೆ ಮಾಡಿ ಗುರುತನ್ನು ಒರಟಾಗಿ ಉಬ್ಬಿಸಿ. ಪಕ್ಕದಿಂದ ಟಾರ್ಚ್ ಬಿಡಿ. ನೆರಳಿನಲ್ಲಿ ಗುರುತು ತಿಳಿದರೆ ವಿನ್ಯಾಸ ಸರಿಯಿದೆ. ಬರೀ ಗೆರೆಗಳ ಮೇಲೆ ನಿಂತ ಚಿತ್ರ ಟಾರ್ಚ್ ಬೆಳಕಿನಲ್ಲಿ ಮಾಯವಾಗುತ್ತದೆ.

ಮಾಡುವ ವಿಧಾನ ಮುಖ್ಯವಾಗಿ ಮೂರು. ಉಕ್ಕಿನ ಡೈ ಮಾಡಿ ಪ್ರೆಸ್‌ನಲ್ಲಿ ಒತ್ತುವುದು: ಗೆರೆ ಚೂಪಾಗಿ ಬರುತ್ತದೆ, ಡೈಗೆ ಖರ್ಚು ಜಾಸ್ತಿ. ಸತುವನ್ನು ಕರಗಿಸಿ ಎರಕ ಹೊಯ್ಯುವುದು: ನಡುವೆ ತೂತು, ವಿಚಿತ್ರ ಆಕಾರ ಎಲ್ಲ ಆಗುತ್ತದೆ, ಸಣ್ಣ ಅಕ್ಷರ ಮೊದ್ದಾಗುತ್ತದೆ. ಮೂರನೆಯದು ರೆಡಿಮೇಡ್ ಬಿಲ್ಲೆಯ ನಡುವೆ ಸ್ಟಿಕ್ಕರ್ ಅಂಟಿಸುವುದು. ಇದು ಓಟದ ಸ್ಪರ್ಧೆಗೆ ಸಾಕು. ಐವತ್ತು ವರ್ಷದ ನೆನಪಿಗೆ ಬೇಡ, ಸ್ಟಿಕ್ಕರ್ ಹಳದಿಯಾಗಿ ಏಳುತ್ತದೆ.

ಡೈ ಖರ್ಚು ಒಂದೇ ಸಲದ್ದು. ಲೆಕ್ಕಕ್ಕೆ 10,000 ರೂಪಾಯಿ ಅಂದುಕೊಳ್ಳಿ. 50 ಪದಕಕ್ಕೆ ತಲಾ 200 ಬೀಳುತ್ತದೆ, 500 ಪದಕಕ್ಕೆ ತಲಾ 20. ಸಂಖ್ಯೆ ಕಮ್ಮಿಯಿದ್ದರೆ ಹಿಂಬದಿಗೆ ಡೈ ಮಾಡಿಸದೆ ಬಯಲು ಬಿಟ್ಟು ಲೇಸರ್‌ನಲ್ಲಿ ಕೆತ್ತಿಸಿ.

ಎರಡೂ ಬದಿ ಒತ್ತಿಸುವುದಾದರೆ ಮುಂದಿನ ಎತ್ತರದ ಉಬ್ಬಿನ ಬೆನ್ನಿಗೇ ಹಿಂದಿನ ಎತ್ತರದ ಉಬ್ಬು ಬರದಿರಲಿ. ಒತ್ತಿದಾಗ ಲೋಹ ಎರಡು ಕಡೆಗೂ ಸಾಲದೆ ಮೂಗಿನ ತುದಿ, ಮಾಡಿನ ತುದಿ ತುಂಬುವುದಿಲ್ಲ. ಡೈ ನೋಡಲು ಕರೆದರೆ ಅಕ್ಷರ ತಿರುಗುಮುರುಗು ಕಾಣುತ್ತದೆ, ಅದು ಸರಿಯೇ, ಗಾಬರಿ ಬೇಡ.

## ಹಂತ 8: ಬಣ್ಣ ಮತ್ತು ಲೇಪ

ಕನ್ನಡಿಯ ಹಾಗೆ ಹೊಳೆಯುವ ಪದಕ ಸ್ಟೇಜಿನ ದೀಪಕ್ಕೆ ಚೆಂದ, ಓದಲು ಕಷ್ಟ. ಉಬ್ಬಿನ ಚಿತ್ರಕ್ಕೆ ಆಂಟಿಕ್ ಫಿನಿಷ್ ಹೇಳಿ. ಎಲ್ಲವನ್ನೂ ಕಪ್ಪಾಗಿಸಿ ಮೇಲಿನದ್ದನ್ನಷ್ಟೇ ಉಜ್ಜುತ್ತಾರೆ, ತಗ್ಗಿನಲ್ಲಿ ಕಪ್ಪು ಉಳಿದು ಅಕ್ಷರ ಎದ್ದು ಕಾಣುತ್ತದೆ. ಇನಾಮಲ್ ಬಣ್ಣ ಹಾಕುವುದಾದರೆ ಎರಡು ಸಾಕು. ಎರಡು ಬಣ್ಣಗಳ ನಡುವೆ ಲೋಹದ ಏರಿ ಬೇಕೇ ಬೇಕು, ಇಲ್ಲದಿದ್ದರೆ ಒಂದರೊಳಗೊಂದು ಹರಿಯುತ್ತದೆ.

ಮೇಲಿನ ಲ್ಯಾಕರ್ ಅನ್ನು, ಅಂದರೆ ಲೋಹ ಕಾಪಾಡಲು ಬಳಿಯುವ ತೆಳು ಪದರವನ್ನು, ಕಡೆಗಣಿಸಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪದಕಗಳಲ್ಲಿ ಐಫೆಲ್ ಗೋಪುರದ ಕಬ್ಬಿಣದ ತುಂಡನ್ನೇ ಕೂರಿಸಿದ್ದರು. ಗುರುತಿನ ಆಯ್ಕೆ ಅಂದರೆ ಅದು. ಆದರೆ ಕೆಲವು ಕಂಚಿನ ಪದಕಗಳ ಮೇಲ್ಮೈ ಕೆಲವೇ ದಿನಗಳಲ್ಲಿ ಕಿತ್ತುಬಂತು, ಕ್ರೀಡಾಪಟುಗಳು ಫೋಟೊ ಹಾಕಿದರು, ಪ್ಯಾರಿಸ್ ಟಂಕಸಾಲೆ ಬದಲಿಸಿಕೊಡಬೇಕಾಯಿತು. ಮಾದರಿ ಪದಕವನ್ನು ಒಂದು ವಾರ ಬೆವರುವ ಮೈಗೆ ತಾಗುವಂತೆ ಯಾರಾದರೂ ಹಾಕಿಕೊಂಡು ಓಡಾಡಲಿ. ಕಲೆ ಬಿದ್ದರೆ, ಪದರ ಎದ್ದರೆ ಆಗಲೇ ಗೊತ್ತಾಗುತ್ತದೆ.

## ಹಂತ 9: ರಿಬ್ಬನ್ ಮತ್ತು ಕೊಂಡಿ

ರಿಬ್ಬನ್ ಬಣ್ಣಕ್ಕೂ ಅರ್ಥವಿದೆ. ಹಳದಿ–ಕೆಂಪು ಅಂದರೆ ಕನ್ನಡ ಬಾವುಟ ಅಂತ ಎಲ್ಲರಿಗೂ ತಿಳಿಯುತ್ತದೆ. ಶಾಲೆಗೆ ಸಮವಸ್ತ್ರದ ಬಣ್ಣವೂ ಚೆಂದವೇ. ಅಶೋಕ ಚಕ್ರ ಸಮೇತ ರಾಷ್ಟ್ರಧ್ವಜವನ್ನು ರಿಬ್ಬನ್ ಮೇಲೆ ಅಚ್ಚು ಹಾಕಿಸುವುದು ಬೇಡ, ಮುದುಡುತ್ತದೆ, ಬೆವರು ಹಿಡಿಯುತ್ತದೆ, ಕೊನೆಗೆ ಕಸಕ್ಕೆ ಹೋಗುತ್ತದೆ.

ರಿಬ್ಬನ್ ಒಂದೇ ಬದಿಗೆ ಅಚ್ಚಾಗಿದ್ದರೆ ಕೊರಳಲ್ಲಿ ತಿರುಚಿದಾಗ ಬಿಳಿ ಬೆನ್ನು ಕಾಣುತ್ತದೆ. ಎರಡು ಬದಿ ಅಚ್ಚು ಅಥವಾ ನೇಯ್ದ ಪಟ್ಟಿ ಕೇಳಿ. ಉದ್ದವನ್ನು ಪೇಟ, ತುರುಬು, ಹೂವು ದಾಟಿ ಕೊರಳಿಗೆ ಇಳಿಯುವಷ್ಟು ಇಡಿ.

ಕೊಂಡಿಯಲ್ಲಿ ಒಂದು ಸಣ್ಣ ಗುಟ್ಟಿದೆ. ಮುಂದಿನಿಂದ ಹಿಂದಕ್ಕೆ ತೂತಿರುವ ಕಿವಿಗೆ ಒಂದು ರಿಂಗ್ ಹಾಕಿ ರಿಬ್ಬನ್ ಪೋಣಿಸಿದರೆ ಪದಕ ನೇರ ಎದುರಿಗೆ ನಿಲ್ಲುತ್ತದೆ. ರಿಂಗ್‌ಗೆ ಇನ್ನೊಂದು ರಿಂಗ್ ಸೇರಿಸಿದರೆ ಕಾಲು ಸುತ್ತು ತಿರುಗಿ ಪದಕದ ಅಂಚು ಕ್ಯಾಮೆರಾಗೆ ಮುಖ ಮಾಡುತ್ತದೆ. ಗ್ರೂಪ್ ಫೋಟೊ ಪೂರ್ತಿ ಅಂಚುಗಳೇ! ರಿಂಗ್‌ನ ಬಾಯಿಯನ್ನು ಬೆಸೆದಿರಬೇಕು, ಸುಮ್ಮನೆ ಒತ್ತಿ ಮುಚ್ಚಿದ್ದು ಬಿಚ್ಚಿಕೊಳ್ಳುತ್ತದೆ.

## ಹಂತ 10: ಮಾದರಿ ನೋಡಿ, ಆಮೇಲೆ ಸಹಿ

ಈಗ ಅಂಗಡಿಗೆ ಹೋಗಿ. ಕೈಯಲ್ಲಿ ಗೆರೆಚಿತ್ರ, ಮಟ್ಟದ ಬಣ್ಣಚಿತ್ರ, ಅಳತೆ, ಲೋಹ, ತೂಕ, ಲೇಪ, ಕೊಂಡಿ, ರಿಬ್ಬನ್ ಎಲ್ಲ ಬರೆದ ಒಂದು ಹಾಳೆ ಇರಲಿ. ಎರಡು ಮೂರು ಕಡೆ ಅದೇ ಹಾಳೆ ಕೊಟ್ಟು ದರ ಕೇಳಿ. ಆಗ ಮಾತ್ರ ದರಗಳನ್ನು ಹೋಲಿಸಲು ಸಾಧ್ಯ.

ಈ ಮಾತುಗಳು ಕಿವಿಗೆ ಬಿದ್ದರೆ ಎದ್ದು ಬನ್ನಿ. ‘ಮಾದರಿ ಯಾಕೆ ಸಾರ್, ಕಂಪ್ಯೂಟರ್‌ನಲ್ಲೇ ತೋರಿಸ್ತೀವಿ.’ ‘ಕನ್ನಡ ನಾವೇ ಟೈಪ್ ಮಾಡ್ಕೋತೀವಿ, ನೀವು ಮೆಸೇಜ್ ಹಾಕಿ.’ ‘ಪೂರ್ತಿ ದುಡ್ಡು ಮೊದಲೇ ಕೊಡಿ.’ ಪರದೆಯ ಮೇಲೆ ಪದಕ ಯಾವಾಗಲೂ ಹೊಳೆಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮೊದಲು ಒತ್ತಿದ ಒಂದು ಪದಕ ಕೈಗೆ ಬಂದು, ನೀವು ಒಪ್ಪಿ ಸಹಿ ಹಾಕಿದ ಮೇಲೆ ಉಳಿದದ್ದು ಅಂತ ರಸೀದಿಯಲ್ಲೇ ಬರೆಸಿ.

ಮಾದರಿ ಬಂದಾಗ ತೂಗಿ, ಸ್ಕೇಲಿನಿಂದ ಅಳೆಯಿರಿ, ಅಂಚಿನ ಮೇಲೆ ಬೆರಳಾಡಿಸಿ. ತೆಳು ಕಾಗದ ಮೇಲಿಟ್ಟು ಪೆನ್ಸಿಲ್‌ನಿಂದ ಉಜ್ಜಿ, ಒತ್ತು ದೀರ್ಘ ಎಲ್ಲ ಕಾಗದಕ್ಕೆ ಬರಬೇಕು. ಮತ್ತೆ ಆ ಹೊರಗಿನ ಓದುಗರಿಂದ ಓದಿಸಿ. ತೂಗುಹಾಕಿ ನೋಡಿ. ಡೈ, ಮಾದರಿ, ತಿದ್ದುಪಡಿ, ಒತ್ತುವುದು, ಲೇಪ, ಸಾಗಣೆ ಎಲ್ಲಕ್ಕೂ ಸೇರಿ ಎರಡು ತಿಂಗಳು ಕೈಯಲ್ಲಿಟ್ಟುಕೊಳ್ಳಿ. ದಸರೆ, ದೀಪಾವಳಿ ನಡುವೆ ಬಂದರೆ ಇನ್ನೂ ಎರಡು ವಾರ ಸೇರಿಸಿ.

## ಹಂತ 11: ಹೆಸರು ಕೆತ್ತಿಸುವುದು, ಒಪ್ಪಿಸಿಕೊಳ್ಳುವುದು

ತಗೊಳ್ಳುವವರ ಹೆಸರನ್ನು ಕೊನೆಗೆ ಕೆತ್ತಿಸಬೇಕು. ಜಾಗವನ್ನು ಮಾತ್ರ ಮೊದಲೇ ಬಿಟ್ಟಿರಬೇಕು. ಸಾಹಿತ್ಯದ ನೊಬೆಲ್ ಪದಕದಲ್ಲಿ ಹಿಂಬದಿಯ ಚಿತ್ರದ ಕೆಳಗೆ ಒಂದು ಪಟ್ಟಿಯೇ ಇದೆ, ಶಾಂತಿ ಪದಕದಲ್ಲಿ ಹೆಸರು ದಪ್ಪದ ಅಂಚಿನ ಮೇಲೆ ಹೋಗುತ್ತದೆ. ನಿಮ್ಮದು 3 ಮಿ.ಮೀ. ದಪ್ಪವಾದ್ದರಿಂದ ಅಂಚಿನಲ್ಲಿ ಕನ್ನಡ ಹಿಡಿಸದು, ಹಿಂಬದಿಯಲ್ಲಿ 30 ಮಿ.ಮೀ. ಉದ್ದ, 8 ಮಿ.ಮೀ. ಎತ್ತರದ ಬಯಲು ಬಿಡಿ. ಹೆಸರಿನ ಕಾಗುಣಿತವನ್ನು ಆಯಾ ಮನೆಯವರಿಂದಲೇ ಬರೆಸಿ ತರಿಸಿ. ಮಂಜುನಾಥ, ಮಂಜುನಾಥ್, ಮಂಜುನಾಥಯ್ಯ ಮೂವರೂ ಒಂದೇ ಊರಿನಲ್ಲಿ ಇರುತ್ತಾರೆ.

ಎಣಿಕೆಗಿಂತ ಹತ್ತು ಪದಕ ಜಾಸ್ತಿ ಮಾಡಿಸಿ, ಹೆಸರಿಲ್ಲದೆ ಇಡಿ. ಪಟ್ಟಿಯಲ್ಲಿ ಬಿಟ್ಟುಹೋದವರು ಸಮಾರಂಭದ ಮರುದಿನ ಬಂದೇ ಬರುತ್ತಾರೆ. ಡೈ ಯಾರ ಸ್ವತ್ತು ಅನ್ನುವುದು ರಸೀದಿಯಲ್ಲಿರಲಿ. ದುಡ್ಡು ಕೊಟ್ಟವರು ನೀವು, ಕೆಲಸ ಮುಗಿದ ಮೇಲೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿ ಸಂಸ್ಥೆಯ ಬೀರುವಿನಲ್ಲಿಡಿ. ಜೊತೆಗೆ ಗೆರೆಚಿತ್ರದ ಫೈಲ್ ಇರುವ ಪೆನ್‌ಡ್ರೈವ್ ಮತ್ತು ಗುರುತಿನ ಅರ್ಥ ಬರೆದ ಅರ್ಧ ಪುಟ. ಅದೇ ಅರ್ಧ ಪುಟವನ್ನು ಚಿಕ್ಕದು ಮಾಡಿ ಪ್ರತಿ ಪೆಟ್ಟಿಗೆಯಲ್ಲೂ ಹಾಕಿ.